ಬ್ಯಾರಿಯ ಕಲ್ಲುಕುಟಿಗರು ಕಟ್ಟಿದ ಭವನ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಬ್ಯಾರಿ ಎಂಬ ಸಣ್ಣ ಊರಿದೆ. ಅಲ್ಲಿನ ಗ್ರ್ಯಾನೈಟ್ ಸ್ಟ್ರೀಟಿನಲ್ಲಿ ಚಪ್ಪಟೆ ಛಾವಣಿಯ, ಎರಡು ಅಂತಸ್ತಿನ ಇಟ್ಟಿಗೆ ಕಟ್ಟಡವೊಂದು ನಿಂತಿದೆ. ಗೊತ್ತಿಲ್ಲದವರು ಹಳೆಯ ಗೋದಾಮೆಂದುಕೊಂಡು ಮುಂದೆ ಹೋಗಿಬಿಡಬಹುದಾದ ಕಟ್ಟಡವದು. ಅದರ ಮುಂಭಾಗದಲ್ಲಿ ಕಲ್ಲಿನಲ್ಲಿ ಕೆತ್ತಿದ ಲಾಂಛನವನ್ನು, ಸುತ್ತಿಗೆ ಹಿಡಿದ ತೋಳನ್ನು, ತಲೆಯೆತ್ತಿ ನೋಡಿದವರು ಮಾತ್ರ ನಿಲ್ಲುತ್ತಾರೆ. ಮಾಮೂಲಿ ಇಟ್ಟಿಗೆ ಗೋಡೆಯ ಮೇಲೆ ಇಷ್ಟು ಪಳಗಿದ ಕೈಯ ಕೆತ್ತನೆ ಹೇಗೆ ಬಂತೆಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಈ ಭವನವನ್ನು 1900ರಲ್ಲಿ ಕಟ್ಟಿದವರು ಇಟಲಿಯಿಂದ ವಲಸೆ ಬಂದ ಕಲ್ಲುಕುಟಿಗರು. ಕೂಲಿಯಾಳುಗಳನ್ನು ಇಟ್ಟುಕೊಳ್ಳದೆ, ಕೆಲಸ ಮುಗಿದ ಮೇಲಿನ ತಮ್ಮ ಬಿಡುವನ್ನೇ ಕೊಟ್ಟು ಅವರು ಇದನ್ನು ಎಬ್ಬಿಸಿದರು. ಸಮಾಜವಾದಿ ಕಾರ್ಮಿಕ ಪಕ್ಷದ ಭವನವೆಂದು ಅದಕ್ಕೆ ಹೆಸರಿಟ್ಟರು. ಇಂದು ಊರಿನವರೆಲ್ಲ ಅದನ್ನು ಓಲ್ಡ್ ಲೇಬರ್ ಹಾಲ್ ಎಂದೇ ಕರೆಯುತ್ತಾರೆ.

ವರ್ಮಾಂಟ್ ಸೇರಿದಂತೆ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳ ಸೀಮೆಯಾದ ನ್ಯೂ ಇಂಗ್ಲೆಂಡಿನಲ್ಲಿ ನೆಲೆಸಿ, ಕನ್ನಡ ಕೂಟದ ಕೆಲಸಗಳಲ್ಲಿ ಕೈಜೋಡಿಸುತ್ತ ಬಂದಿರುವ ನನಗೆ ಬೇರೆ ವಲಸಿಗರ ಸಂಘಗಳು ಏನು ಮಾಡುತ್ತವೆ, ತಮ್ಮ ಹಿಂದಿನದನ್ನು ಯಾವ ರೀತಿ ಉಳಿಸಿಕೊಳ್ಳುತ್ತವೆ ಎಂಬ ಕುತೂಹಲ ಮೊದಲಿನಿಂದಲೂ ಇದೆ. ಇಟಲಿಯವರ ಸಂಘಗಳಂತೂ ಈ ದೇಶದ ಉದ್ದಗಲಕ್ಕೂ ಹರಡಿವೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಪರಸ್ಪರ ಸಹಾಯ ಸಂಘವೊಂದು 1858ರಷ್ಟು ಹಿಂದೆಯೇ ಹುಟ್ಟಿತು. ನ್ಯೂಯಾರ್ಕಿನಲ್ಲಿ 1905ರಲ್ಲಿ ಸನ್ಸ್ ಆಫ್ ಇಟಲಿ ಸಂಸ್ಥೆ ಆರಂಭವಾಯಿತು. ಅವುಗಳ ಹಬ್ಬ, ಮೆರವಣಿಗೆ, ಊಟಗಳನ್ನು ಕಂಡಿದ್ದೇನೆ, ಸಂತೋಷಪಟ್ಟಿದ್ದೇನೆ. ಆದರೆ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತದ್ದು ಬ್ಯಾರಿಯ ಭವನ. ಒಂದು ಸಮುದಾಯ ತನ್ನ ಪೂರ್ವಿಕರ ಉಡುಗೆಯನ್ನೂ ಅಡುಗೆಯನ್ನೂ ನೆನೆಯುವುದಕ್ಕಿಂತ ಅವರು ಮಾಡಿದ ಕೆಲಸವನ್ನು ಮುಂದುವರಿಸುವುದು ದೊಡ್ಡ ಸ್ಮರಣೆ ಎಂಬ ನನ್ನ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಬ್ಯಾರಿಗೆ ಇಟಲಿಯವರು ಬಂದದ್ದು ಕಲ್ಲಿನ ಕಾರಣದಿಂದ. ಊರಿನ ಪಕ್ಕದ ಗುಡ್ಡಗಳಲ್ಲಿ ಒಂದೇ ಸಮನಾದ ಬೂದು ಬಣ್ಣದ, ಬಿರುಕಿಲ್ಲದ, ಸೂಕ್ಷ್ಮ ಕಣಗಳ ಗ್ರಾನೈಟ್ ಇದೆ. 1875ರಲ್ಲಿ ರೈಲು ಊರಿಗೆ ಬಂತು, 1888ರ ಹೊತ್ತಿಗೆ ಹಳಿ ಗುಡ್ಡವನ್ನೇ ಹತ್ತಿ ಕ್ವಾರಿಗಳವರೆಗೆ ಹೋಯಿತು. 1880ರಲ್ಲಿ ಸುಮಾರು 2,000 ಜನರಿದ್ದ ಜಾಗ 1910ರಲ್ಲಿ 10,000ವನ್ನು ದಾಟಿತು. ಮೊದಲು ಬಂದವರು ಸ್ಕಾಟ್ಲೆಂಡಿನ ಅಬರ್ಡೀನ್ ಕಡೆಯ ಗ್ರಾನೈಟ್ ಕೆಲಸಗಾರರು. ಅವರ ಹಿಂದೆಯೇ ಉತ್ತರ ಇಟಲಿಯವರು ಬಂದರು: ಅಮೃತಶಿಲೆಗೆ ಹೆಸರಾದ ಕರಾರಾದಿಂದ, ಲೊಂಬಾರ್ದಿಯ ವಿಜ್ಜು ಮತ್ತು ಅದರ ಸುತ್ತಮುತ್ತಲಿನ ಹಳ್ಳಿಗಳಿಂದ. ಬಹಳಷ್ಟು ಇಟಾಲಿಯನ್ ವಲಸಿಗರು ಅಮೆರಿಕದ ದೊಡ್ಡ ನಗರಗಳಲ್ಲಿ ಕೈಗೆ ಸಿಕ್ಕ ಕೂಲಿಗೆ ಸೇರಿಕೊಂಡಿದ್ದ ಕಾಲದಲ್ಲಿ ಇವರು ಕಸಬು ಕಲಿತು ಬಂದಿದ್ದರು. ಎಲೆಯ ನರಗಳನ್ನೂ ಬಟ್ಟೆಯ ಮಡಿಕೆಯನ್ನೂ ಕಲ್ಲಿನಲ್ಲಿ ತೆಗೆಯಬಲ್ಲ ಶಿಲ್ಪಿಗಳು ಅವರಲ್ಲಿದ್ದರು. 1899ರಲ್ಲಿ ಬ್ಯಾರಿಯ ಸ್ಕಾಟ್ ಜನ ತಮ್ಮ ಕವಿ ರಾಬರ್ಟ್ ಬರ್ನ್ಸ್‌ನ ಪ್ರತಿಮೆಯನ್ನು ನಿಲ್ಲಿಸಿದಾಗ ಅದನ್ನು ಕೆತ್ತಿದ ಕೈಗಳು ಇಟಾಲಿಯನ್ನರವೇ: ಮೂರ್ತಿಯನ್ನು ಸ್ಯಾಮ್ಯುಯೆಲ್ ನೊವೆಲ್ಲಿ ಮಾಡಿದರೆ, ಪೀಠದ ಉಬ್ಬುಶಿಲ್ಪಗಳನ್ನು ಎಲಿಯಾ ಕೋರ್ತಿ ಕಡೆದ. ಆ ಪ್ರತಿಮೆ ಇಂದಿಗೂ ಊರಿನ ನಡುವೆ ಇದೆ.

ಇವರು ಕಸಬಿನ ಜೊತೆಗೆ ರಾಜಕೀಯವನ್ನೂ ಹೊತ್ತು ತಂದರು. ಕರಾರಾದ ಸುತ್ತಿನ ಲುನಿಜಾನಾ ಪ್ರದೇಶದಲ್ಲಿ 1894ರಲ್ಲಿ ಕಲ್ಲುಕೆಲಸಗಾರರು ದಂಗೆಯೆದ್ದಿದ್ದರು, ಸರ್ಕಾರ ಸೈನ್ಯ ಕಳಿಸಿ ಅದನ್ನು ಹತ್ತಿಕ್ಕಿತ್ತು. ಆ ಸೀಮೆಯ ಕಲ್ಲುಕೆಲಸಗಾರರಲ್ಲಿ ಸರ್ಕಾರವೇ ಬೇಡವೆನ್ನುವ ಅರಾಜಕತಾವಾದ ಬೇರೂರಿತ್ತು, ಬೇರೆಯವರಲ್ಲಿ ಸಮಾಜವಾದ. ಎರಡೂ ಬ್ಯಾರಿಗೆ ಬಂದವು. ಲೂಯಿಜಿ ಗಲೆಯಾನಿ ಎಂಬ ಅರಾಜಕತಾವಾದಿ 1903ರಲ್ಲಿ ಈ ಊರಿನಿಂದಲೇ 'ಕ್ರೋನಾಕಾ ಸೊವ್ವೆರ್ಸಿವಾ' ಎಂಬ ಇಟಾಲಿಯನ್ ಪತ್ರಿಕೆಯನ್ನು ಆರಂಭಿಸಿ, 1912ರವರೆಗೆ ಇಲ್ಲಿಂದಲೇ ಹೊರತಂದ. ವರ್ಮಾಂಟಿನ ಹಿಮದ ನಡುವಿನ ಈ ಪುಟ್ಟ ಊರಿನಿಂದ ಹೊರಟ ಅದರ ಪ್ರತಿಗಳನ್ನು ಅಮೆರಿಕದ ಬೇರೆ ಬೇರೆ ಊರುಗಳ ಇಟಾಲಿಯನ್ ಕಾರ್ಮಿಕರು ಓದುತ್ತಿದ್ದರು.

ಹೀಗಾಗಿ ಭವನ ಒಂದು ಮನರಂಜನಾ ಕ್ಲಬ್ ಆಗಿ ಹುಟ್ಟಲಿಲ್ಲ. ಮನರಂಜನೆಯೂ ಅಲ್ಲಿತ್ತು ಅಷ್ಟೆ. ಸಭೆ ನಡೆಯುವ ಹಾಲಿಗೆ ಮೇಪಲ್ ಮರದ ನೆಲ ಹಾಸಿದ್ದರು, ಕುಣಿತಕ್ಕೆ ಅನುಕೂಲವಾಗಲೆಂದು. ಅದೇ ಹಾಲಿನಲ್ಲಿ ಕಾರ್ಮಿಕ ಸಂಘಗಳ ಸಭೆ, ಭಾಷಣ, ಚರ್ಚೆ, ಸಂಗೀತ. ಯುಜೀನ್ ಡೆಬ್ಸ್, ಮದರ್ ಜೋನ್ಸ್‌ರಂಥ ಅಮೆರಿಕದ ಹೆಸರಾಂತ ಕಾರ್ಮಿಕ ನಾಯಕರು ಇಲ್ಲಿಗೆ ಬಂದು ಮಾತನಾಡಿದರು. ಸದಸ್ಯರೇ ಸೇರಿ ನಡೆಸುತ್ತಿದ್ದ ಸಹಕಾರಿ ಅಂಗಡಿ ಕಟ್ಟಡದಲ್ಲೇ ಇತ್ತು. 1913ರಲ್ಲಿ ಅವರು ಹಿತ್ತಿಲಿನಲ್ಲಿ ಇಟ್ಟಿಗೆಯ ಬೇಕರಿಯನ್ನೂ ಕಟ್ಟಿಸಿಕೊಂಡರು. ಊರಿನಲ್ಲಿ ಇಟಾಲಿಯನ್ನರ ಪರಸ್ಪರ ಸಹಾಯ ಸಂಘವೂ ಬೇರೆಯಾಗಿ ಹುಟ್ಟಿಕೊಂಡಿತು, ಜನ ಅದನ್ನು ಮೂತುವೋ ಎಂದು ಕರೆಯುತ್ತಾರೆ, ಈಗಲೂ ಆ ಹೆಸರಿನ ಕ್ಲಬ್ ಬ್ಯಾರಿಯಲ್ಲಿದೆ.

ಈ ಪರಸ್ಪರ ಸಹಾಯ ಸಂಘಗಳ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಇಂದಿನ ಇಟಾಲಿಯನ್ ಕ್ಲಬ್ಬುಗಳ ಬೇರು ಇರುವುದು ಅಲ್ಲಿ. ಇಟಲಿಯಲ್ಲಿ 1848ರಲ್ಲಿ ಪಿಯೆಮೊಂತೆಯ ಪಿನೆರೊಲೊದಲ್ಲಿ ಕೆಲಸಗಾರರು ಇಂಥ ಸಂಘವೊಂದನ್ನು ಕಟ್ಟಿದರು. ನಂತರದ ದಶಕಗಳಲ್ಲಿ ಅವು ಊರೂರಿಗೆ ಹಬ್ಬಿ, 1886ರಲ್ಲಿ ಇಟಲಿಯ ಸರ್ಕಾರ ಅವುಗಳಿಗೆಂದೇ ಕಾನೂನು ಮಾಡಿತು. ಸಂಘದ ಕ್ರಮ ಹೀಗೆ: ಸದಸ್ಯ ತಿಂಗಳು ತಿಂಗಳು ಸಣ್ಣ ವಂತಿಗೆ ಕೊಡುತ್ತಾನೆ, ಹಾಸಿಗೆ ಹಿಡಿದರೆ ಸಂಘ ಅವನಿಗೆ ಒಂದಷ್ಟು ಹಣ ಕೊಡುತ್ತದೆ, ಸತ್ತರೆ ಮಣ್ಣು ಮಾಡುವ ಖರ್ಚನ್ನು ವಹಿಸಿಕೊಂಡು, ಹೆಂಡತಿ ಮಕ್ಕಳ ಕೈಗೆ ಏನನ್ನಾದರೂ ಇಡುತ್ತದೆ, ಶವಯಾತ್ರೆಯಲ್ಲಿ ಸಂಘದ ಬಾವುಟ ಹಿಡಿದು ಸದಸ್ಯರು ನಡೆಯುತ್ತಾರೆ. ಸರ್ಕಾರದ ಪಿಂಚಣಿಯಾಗಲಿ ಆರೋಗ್ಯ ವಿಮೆಯಾಗಲಿ ಇಲ್ಲದ ಕಾಲದಲ್ಲಿ, ಭಾಷೆ ಬಾರದ ಪರದೇಶದಲ್ಲಿ, ಈ ವಂತಿಗೆಯೇ ಮನೆಯ ಆಧಾರ. ಹಬ್ಬ, ಊಟ, ಚೆಂಡು ಉರುಳಿಸುವ ಬೊಚ್ಚೆ ಆಟ, ಬ್ಯಾಂಡು ಎಲ್ಲವೂ ಈ ಆಧಾರದ ಸುತ್ತ ಆಮೇಲೆ ಬೆಳೆದವು. ಇಂದಿನ ಕ್ಲಬ್ಬುಗಳನ್ನು ನೋಡುವಾಗ ನಮಗೆ ಆಮೇಲೆ ಬೆಳೆದದ್ದು ಮೊದಲು ಕಾಣುತ್ತದೆ.

ಬ್ಯಾರಿಯಲ್ಲಿ ಸಾವಿನ ಖರ್ಚಿಗೆ ಸಂಘ ಬೇಕಾದದ್ದಕ್ಕೆ ಭಯಂಕರವಾದ ಕಾರಣವಿತ್ತು. ಕರಾರಾದ ಅಮೃತಶಿಲೆಯ ಧೂಳು ಸುಣ್ಣದ ಜಾತಿಯದು; ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ, ಅಂದರೆ ಸಿಲಿಕಾ, ಹೇರಳವಾಗಿರುತ್ತದೆ. ವರ್ಮಾಂಟಿನ ಚಳಿಯಲ್ಲಿ ಬಯಲಿನಲ್ಲಿ ಕೂತು ಕೆತ್ತುವಂತಿಲ್ಲ, ಬಾಗಿಲು ಕಿಟಕಿ ಮುಚ್ಚಿದ ಶೆಡ್ಡುಗಳಲ್ಲೇ ಕೆಲಸ. ಅದರ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆಗಳು ಬಂದವು. ಕೈಯುಳಿ ಚಕ್ಕೆ ಎಬ್ಬಿಸುತ್ತಿದ್ದಲ್ಲಿ ಈ ಯಂತ್ರ ಹಿಟ್ಟಿನಂಥ ಧೂಳನ್ನು ಎಬ್ಬಿಸಿತು. ಅದು ಪುಪ್ಪುಸದೊಳಗೆ ಇಳಿದು ಕೂತರೆ ಮತ್ತೆ ಹೊರಬರುವುದಿಲ್ಲ. ಸಿಲಿಕೋಸಿಸ್, ಅದರ ಹಿಂದೆಯೇ ಕ್ಷಯ. ನಲವತ್ತರ ಪ್ರಾಯದಲ್ಲಿ ಕೆಮ್ಮುತ್ತ ಕೆಮ್ಮುತ್ತ ಸಾಯುವುದು ಇಲ್ಲಿ ಕಸಬಿನ ಭಾಗವೇ ಆಗಿಹೋಯಿತು. ವಿಧವೆಯರು ಮನೆಯಲ್ಲಿ ಬಾಡಿಗೆಗೆ ಜನರನ್ನಿಟ್ಟುಕೊಂಡು, ಅಡುಗೆ ಮಾಡಿ ಹಾಕಿ, ಪಾನನಿಷೇಧದ ವರ್ಷಗಳಲ್ಲಿ ಕದ್ದುಮುಚ್ಚಿ ವೈನ್ ಮಾರಿ ಮಕ್ಕಳನ್ನು ಸಾಕಿದರು. ಧೂಳು ಹೀರುವ ಯಂತ್ರಗಳು ಶೆಡ್ಡುಗಳಿಗೆ ವ್ಯಾಪಕವಾಗಿ ಬಂದದ್ದು 1930ರ ದಶಕದ ಕೊನೆಯಲ್ಲಿ. ಅಷ್ಟರಲ್ಲಿ ಒಂದು ಇಡೀ ತಲೆಮಾರು ಹೋಗಿತ್ತು. ತಮ್ಮ ಸಮಾಧಿಗಳನ್ನು ತಾವೇ ಕೆತ್ತಿಕೊಂಡ ಜನರೆಂದು ಇವರನ್ನು ವರ್ಣಿಸುವುದುಂಟು. ಊರಿನ ಹೋಪ್ ಸ್ಮಶಾನದಲ್ಲಿ ನಡೆದಾಡಿದರೆ ಅದು ಅತಿಶಯೋಕ್ತಿಯಲ್ಲವೆಂದು ತಿಳಿಯುತ್ತದೆ.

ಆ ಸ್ಮಶಾನದಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ಒಂದು ಕಲ್ಲಿದೆ. ಮೇಲೆ ಹೇಳಿದ ಎಲಿಯಾ ಕೋರ್ತಿಯದು. ಆಳೆತ್ತರದ ಮನುಷ್ಯನೊಬ್ಬ ಕೂತಿದ್ದಾನೆ, ಕೈಯನ್ನು ಕೆನ್ನೆಗೆ ಆನಿಸಿಕೊಂಡು ಯೋಚಿಸುತ್ತಿದ್ದಾನೆ. ಕೋಟಿನ ಗುಂಡಿಗಳು, ತೋಳಿನ ಬಳಿ ಬಟ್ಟೆ ಸುಕ್ಕಾದ ಬಗೆ, ಕುತ್ತಿಗೆಯ ಟೈ, ಮೀಸೆಯ ಎಳೆ, ಎಲ್ಲವೂ ಆ ಗಡುಸು ಕಲ್ಲಿನಲ್ಲಿ ಮೂಡಿವೆ. ಪಕ್ಕದಲ್ಲಿ ಅವನ ಕಸಬಿನ ಸಾಮಾನುಗಳು: ಮೂಲೆಮಟ್ಟ, ಅಳತೆಯ ಕೈವಾರ, ಗಾಳಿ ಸುತ್ತಿಗೆ. ಇಡೀ ಶಿಲ್ಪ ಒಂದೇ ಬಂಡೆಯದು. ಕೆತ್ತಿದವರು ಅವನ ಸೋದರ ವಿಲಿಯಂ ಮತ್ತು ಬಾವಮೈದುನ ಜಾನ್ ಕೋಮಿ. ಗ್ರಾನೈಟಿನಲ್ಲಿ ಉಳಿ ಸ್ವಲ್ಪ ಜಾರಿದರೂ ತೇಪೆ ಹಾಕುವಂತಿಲ್ಲ ಎಂಬುದು ಗೊತ್ತಿದ್ದವರಿಗೆ ಆ ಸುಕ್ಕುಗಳ ಹಿಂದಿನ ದಿನಗಳ ಲೆಕ್ಕ ಅರ್ಥವಾದೀತು. ನಾನು ಬೇಲೂರು ಹಳೇಬೀಡುಗಳ ನುಣುಪು ಬಳಪದ ಕಲ್ಲಿನ ಕುಸುರಿಯನ್ನು ಕಂಡು ಬೆಳೆದವನು. ಇಷ್ಟು ಗಡುಸಾದ ಕಲ್ಲು ಹೀಗೆ ಮಣಿಯಬಲ್ಲದೆಂದು ನಂಬಲು ಹತ್ತಿರ ಹೋಗಿ ನೋಡಬೇಕಾಯಿತು.

ಕೋರ್ತಿ ಸತ್ತದ್ದು ಧೂಳಿನಿಂದಲ್ಲ. ಅವನಿಗೆ ಗುಂಡು ತಗುಲಿದ್ದು ಈ ಭವನದಲ್ಲೇ, 1903ರ ಅಕ್ಟೋಬರ್ 3ರ ರಾತ್ರಿ. ಅಂದು ಇಟಾಲಿಯನ್ ಸಮಾಜವಾದಿ ನಾಯಕ ಜಚಿಂತೋ ಮೆನೋತ್ತಿ ಸೆರಾತಿ ಇಲ್ಲಿ ಭಾಷಣ ಮಾಡಬೇಕಿತ್ತು. ಅವನು ಬರುವುದು ತಡವಾಯಿತು. ಕಾದು ಕೂತ ಸಮಾಜವಾದಿಗಳಿಗೂ ಅರಾಜಕತಾವಾದಿಗಳಿಗೂ ಮಾತಿಗೆ ಮಾತು ಬೆಳೆದು, ಕೈಕೈ ಮಿಲಾಯಿಸಿ, ಅಲೆಸಾಂದ್ರೋ ಗರೆತ್ತೋ ಎಂಬವನು ಪಿಸ್ತೂಲು ಹಾರಿಸಿದ. ಕೋರ್ತಿ ಜಗಳ ಬಿಡಿಸಲು ನಡುವೆ ಹೋಗಿದ್ದನೆಂದು ಹೇಳುತ್ತಾರೆ. ಆಗ ಅವನಿಗೆ 34 ವರ್ಷ. ಕೊಂದವನೂ ಸತ್ತವನೂ ಒಂದೇ ದೇಶದಿಂದ ಬಂದವರು, ಒಂದೇ ಕಲ್ಲಿನ ಊರಿನಲ್ಲಿ ಬದುಕುತ್ತಿದ್ದವರು, ಇಬ್ಬರೂ ದುಡಿಯುವವರ ಲೋಕ ಬರಬೇಕೆಂದು ಬಯಸಿದವರು.

ಈ ಪ್ರಸಂಗವನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಇಂದು ಭವನವನ್ನು ನೋಡಿಕೊಳ್ಳುವ ಬ್ಯಾರಿ ಐತಿಹಾಸಿಕ ಸಂಘದವರು ಈ ಕೊಲೆಯನ್ನು ಮುಚ್ಚಿಡುವುದಿಲ್ಲ. ಭವನ ತೋರಿಸಲು ನಮ್ಮ ಜೊತೆ ಬಂದಿದ್ದ ಹಿರಿಯರು ಭವನ ಕಟ್ಟಿದ ಕಥೆಗೆ ಕೊಟ್ಟಷ್ಟೇ ಸಮಯವನ್ನು ಕೋರ್ತಿಯ ಕಥೆಗೂ ಕೊಟ್ಟರು; ಯಾರ ಪಕ್ಷವನ್ನೂ ವಹಿಸಲಿಲ್ಲ, ಯಾವುದನ್ನೂ ಮೃದು ಮಾಡಲಿಲ್ಲ. ಇದು ನನಗೆ ಬಹಳ ಹಿಡಿಸಿತು. ಹೊರದೇಶದ ನಮ್ಮ ಕನ್ನಡ ಕೂಟಗಳ ಬೆಳ್ಳಿ ಹಬ್ಬದ, ಚಿನ್ನದ ಹಬ್ಬದ ಸ್ಮರಣ ಸಂಚಿಕೆಗಳನ್ನು ನಾನು ಪ್ರೀತಿಯಿಂದ ಓದುತ್ತೇನೆ. ಅವುಗಳಲ್ಲಿ ಅಧ್ಯಕ್ಷರ ಪಟ್ಟಿ ಇರುತ್ತದೆ, ಯುಗಾದಿ ರಾಜ್ಯೋತ್ಸವಗಳ ಫೋಟೋ ಇರುತ್ತದೆ. ಕೂಟ ಎರಡಾದದ್ದು ಯಾವ ವರ್ಷ, ಯಾವ ವಿಷಯಕ್ಕೆ, ಮತ್ತೆ ಜನ ಹೇಗೆ ಒಟ್ಟಿಗೆ ಕೂತು ಉಂಡರು ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ. ಮುಂದಿನವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅದೇ ಎಂದು ನನಗೆ ಅನ್ನಿಸುತ್ತದೆ. ಬೇರೆ ಬೇರೆ ಮತದ ಇಟಾಲಿಯನ್ನರು ಕೋರ್ತಿಯ ಸಾವಿನ ನಂತರವೂ ಅದೇ ಊರಿನಲ್ಲಿ ಬಾಳಿ, ಒಂಬತ್ತು ವರ್ಷಗಳ ಬಳಿಕ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದರು ಎಂಬುದು ಕೊಲೆಯ ಕಥೆ ಗೊತ್ತಿದ್ದರೇ ತನ್ನ ಪೂರ್ತಿ ತೂಕದಲ್ಲಿ ತಿಳಿಯುವುದು.

ಆ ಕೆಲಸ ಮಕ್ಕಳಿಗೆ ಸಂಬಂಧಿಸಿದ್ದು. 1912ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹೆಂಗಸರ ಮತ್ತು ಮಕ್ಕಳ ದುಡಿಮೆಯ ವಾರವನ್ನು 56 ಗಂಟೆಯಿಂದ 54ಕ್ಕೆ ಇಳಿಸುವ ಕಾನೂನು ಜಾರಿಗೆ ಬಂತು. ಲಾರೆನ್ಸ್ ಎಂಬ ಊರಿನ ಬಟ್ಟೆ ಗಿರಣಿಗಳ ಮಾಲೀಕರು ಗಂಟೆಯ ಜೊತೆಗೆ ಕೂಲಿಯನ್ನೂ ಕಡಿದರು. ಹತ್ತಾರು ದೇಶಗಳಿಂದ ಬಂದಿದ್ದ, ಒಬ್ಬರ ಮಾತು ಒಬ್ಬರಿಗೆ ತಿಳಿಯದ ಸಾವಿರಾರು ಗಿರಣಿ ಕೆಲಸಗಾರರು ಮಗ್ಗ ಬಿಟ್ಟು ಹೊರಬಂದರು. ಅವರಲ್ಲಿ ಇಟಾಲಿಯನ್ನರು ದೊಡ್ಡ ಸಂಖ್ಯೆಯಲ್ಲಿದ್ದರು. ಮುಷ್ಕರ ವಾರಗಟ್ಟಲೆ ಎಳೆದಾಗ, ನಡುಚಳಿಗಾಲದಲ್ಲಿ, ಮನೆಯಲ್ಲಿ ಹಿಟ್ಟಿಲ್ಲ, ಒಲೆಗೆ ಕಲ್ಲಿದ್ದಲಿಲ್ಲ. ಇಟಲಿಯ ಕಾರ್ಮಿಕರಲ್ಲಿ ಹಿಂದೆಯೇ ಇದ್ದ ಒಂದು ಪದ್ಧತಿಯಂತೆ, ಮುಷ್ಕರ ಮುಗಿಯುವವರೆಗೆ ಮಕ್ಕಳನ್ನು ಬೇರೆ ಊರಿನ ಕಾರ್ಮಿಕರ ಮನೆಗಳಿಗೆ ಕಳಿಸಲು ತೀರ್ಮಾನವಾಯಿತು. ಮೊದಲ ತಂಡ ನ್ಯೂಯಾರ್ಕಿಗೆ ಹೋಯಿತು. ಫೆಬ್ರವರಿ 17ರಂದು 35 ಮಕ್ಕಳ ತಂಡವೊಂದು ಬ್ಯಾರಿಗೆ ರೈಲಿನಲ್ಲಿ ಬಂದಿಳಿಯಿತು. ಊರಿನವರು ಅವರನ್ನು ಮೆರವಣಿಗೆಯಲ್ಲಿ ಈ ಭವನಕ್ಕೆ ಕರೆತಂದು, ಉಣಬಡಿಸಿ, ಇಲ್ಲಿಂದಲೇ ಮನೆಮನೆಗೆ ಕರೆದುಕೊಂಡು ಹೋದರು.

ಮನೆಯ ಯಜಮಾನ ಧೂಳಿನಲ್ಲಿ ಕೆಮ್ಮುತ್ತಿದ್ದ ಊರದು. ಹಾಗಿದ್ದೂ ಪರರ ಮಕ್ಕಳಿಗೆ ತಟ್ಟೆ ಹಾಕಿದರು. ಒಂದು ವಾರದ ನಂತರ, ಫೆಬ್ರವರಿ 24ರಂದು, ಫಿಲಡೆಲ್ಫಿಯಾಕ್ಕೆ ಹೊರಟಿದ್ದ ಮಕ್ಕಳನ್ನೂ ತಾಯಂದಿರನ್ನೂ ಲಾರೆನ್ಸಿನ ರೈಲು ನಿಲ್ದಾಣದಲ್ಲಿ ಪೊಲೀಸರು ಲಾಠಿಯಿಂದ ಹೊಡೆದು ಎಳೆದೊಯ್ದರು. ದೇಶವೇ ದಂಗಾಯಿತು, ಸಂಸತ್ತಿನಲ್ಲಿ ವಿಚಾರಣೆ ನಡೆಯಿತು, ಮಾರ್ಚಿನ ಮಧ್ಯದಲ್ಲಿ ಗಿರಣಿ ಮಾಲೀಕರು ಕೂಲಿ ಏರಿಸಲು ಒಪ್ಪಿದರು. ಆ ಮಕ್ಕಳು ನಿಂತಿದ್ದ ಹಾಲಿನಲ್ಲಿ ನಾನು ನಿಂತಾಗ ನನಗೆ ಬಂದ ಯೋಚನೆ ಊಟ ಬಡಿಸಿದವರದ್ದು: ಅಂದು ಅಡುಗೆಗೆ ಹಿಟ್ಟು ಯಾರು ಕೊಟ್ಟರು, ಯಾರ ಮನೆಗೆ ಎಷ್ಟು ಮಕ್ಕಳೆಂದು ಯಾರು ಬರೆದುಕೊಂಡರು, ರಾತ್ರಿ ಅಮ್ಮನನ್ನು ನೆನೆದು ಅತ್ತ ಮಗುವಿನ ಪಕ್ಕದಲ್ಲಿ ಯಾರು ಮಲಗಿದರು. ಸಂಘದ ಕೆಲಸ ಮಾಡಿದ ಯಾರಿಗಾದರೂ ಇಂಥ ಪ್ರಶ್ನೆಗಳೇ ಮೊದಲು ಬರುತ್ತವೆ.

ಭವನದ ಮುಂದಿನ ದಶಕಗಳನ್ನು ಬೇಗ ಹೇಳಿ ಮುಗಿಸಬಹುದು. 1922ರ ಮುಷ್ಕರದಲ್ಲಿ ಕ್ವಾರಿ ಮಾಲೀಕರು ಕೆನಡಾದ ಫ್ರೆಂಚ್ ಭಾಷಿಕರನ್ನು ಕರೆತಂದು ಸಂಘಗಳನ್ನು ದುರ್ಬಲಗೊಳಿಸಿದರು. ಆರ್ಥಿಕ ಮುಗ್ಗಟ್ಟಿನ ವರ್ಷಗಳು ಬಂದವು. 1936ರಲ್ಲಿ ಭವನ ಮಾರಾಟವಾಯಿತು. ಆಮೇಲೆ ಬಹುಕಾಲ ಅದು ಹಣ್ಣು, ಟೊಮ್ಯಾಟೊ ದಾಸ್ತಾನಿನ ಗೋದಾಮು. ಕೆಡವಿಬಿಡುವ ಸ್ಥಿತಿಗೆ ಬಂದಿದ್ದ ಕಟ್ಟಡವನ್ನು 1995ರಲ್ಲಿ ಬ್ಯಾರಿ ಐತಿಹಾಸಿಕ ಸಂಘ ಕೊಂಡುಕೊಂಡಿತು. ಮೂಲದಲ್ಲಿ ಹೇಗೆ ಎದ್ದಿತ್ತೋ ಹಾಗೆಯೇ, ಸ್ವಯಂಸೇವಕರ ಕೈಯಿಂದ, ಕಾರ್ಮಿಕ ಸಂಘಗಳ ಮತ್ತು ಊರವರ ದೇಣಿಗೆಯಿಂದ ಅದು ಮತ್ತೆ ಎದ್ದಿತು. 2000ದಲ್ಲಿ ಅಮೆರಿಕ ಸರ್ಕಾರ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು.

ಸ್ಮಾರಕವೆಂದು ಘೋಷಣೆಯಾದ ಕಟ್ಟಡಕ್ಕೆ ಸಾಮಾನ್ಯವಾಗಿ ಹಗ್ಗ ಕಟ್ಟಿ, ಗಾಜಿನ ಪೆಟ್ಟಿಗೆ ಇಟ್ಟು, ಮುಟ್ಟಬೇಡಿ ಎಂದು ಬರೆಯುತ್ತಾರೆ. ಬ್ಯಾರಿಯವರು ಹಾಗೆ ಮಾಡಲಿಲ್ಲ. ಹಾಲನ್ನು ಮತ್ತೆ ಸಭೆಗೆ, ಕುಣಿತಕ್ಕೆ, ಮದುವೆಗೆ, ಸಂಗೀತಕ್ಕೆ ತೆರೆದರು. ಪ್ರತಿ ವರ್ಷ ಮೇ ದಿನದ ಸುಮಾರಿಗೆ ಇಲ್ಲಿ 'ಪ್ರಿಮೋ ಮಾಜ್ಜೋ' ಎಂಬ ಹೆಸರಿನಲ್ಲಿ ಕಾರ್ಮಿಕರ ಹಬ್ಬ ನಡೆಯುತ್ತದೆ: ಊಟ, ಹಾಡು, ಕಾರ್ಮಿಕರ ಚರಿತ್ರೆಯ ಕುರಿತು ಉಪನ್ಯಾಸ. ಎಲ್ಲಕ್ಕಿಂತ ಹೆಚ್ಚಾಗಿ, ಹಿತ್ತಿಲಿನ ಬೇಕರಿಯನ್ನು ಅವರು ಬಿಡಲಿಲ್ಲ. ಪಾಳುಬಿದ್ದಿದ್ದ ಆ ಇಟ್ಟಿಗೆ ಕಟ್ಟಡವನ್ನು ದುರಸ್ತಿ ಮಾಡಿಸಿ, ಒಳಗೆ ಸೌದೆ ಒಲೆ ಕಟ್ಟಿಸಿ, ಅಲ್ಲಿ ಮತ್ತೆ ಬ್ರೆಡ್ ಬೇಯುವಂತೆ ಮಾಡಿದರು. ಫಲಕವೊಂದನ್ನು ನೆಟ್ಟು ಇಲ್ಲಿ ಒಂದು ಕಾಲದಲ್ಲಿ ಬೇಕರಿ ಇತ್ತು ಎಂದು ಬರೆಯುವುದಕ್ಕಿಂತ ಈ ಕೆಲಸಕ್ಕೆ ಹಣವೂ ತಾಳ್ಮೆಯೂ ಎಷ್ಟೋ ಪಟ್ಟು ಬೇಕು. ಫಲಕ ಓದಿದವನಿಗೆ ಮಾಹಿತಿ ಸಿಗುತ್ತದೆ, ಬ್ರೆಡ್ ಕೊಂಡವನು ಮುಂದಿನ ವಾರವೂ ಬರುತ್ತಾನೆ.

2023ರ ಜುಲೈಯಲ್ಲಿ ವರ್ಮಾಂಟಿಗೆ ಭಾರಿ ಮಳೆ ಬಿದ್ದು ಬ್ಯಾರಿಯ ತಗ್ಗಿನ ಬೀದಿಗಳೆಲ್ಲ ಕೆಸರುನೀರಿನಲ್ಲಿ ಮುಳುಗಿದವು. ಭವನಕ್ಕೂ ನೀರು ನುಗ್ಗಿತು. ಸುದ್ದಿ ಓದಿದಾಗ ನನಗೆ ಆದ ಸಂಕಟ ಸಣ್ಣದಲ್ಲ. ಹತ್ತಿರದವರ ಮನೆಗೇ ನೀರು ಬಂದಷ್ಟು ಕಳವಳಪಟ್ಟೆ. ಮರದ ನೆಲವಿರುವ ಹಳೆಯ ಕಟ್ಟಡಕ್ಕೆ ಪ್ರವಾಹದ ನೀರು ಎಂಥ ಶತ್ರುವೆಂಬುದು ಅದನ್ನು ಕಂಡವರಿಗೆ ಗೊತ್ತು. ಆದರೆ ಇಂಥ ಹೊತ್ತಿನಲ್ಲಿಯೇ ಜೀವಂತ ಸಂಘಕ್ಕೂ ಬರಿಯ ಸ್ಮಾರಕಕ್ಕೂ ಇರುವ ವ್ಯತ್ಯಾಸ ತಿಳಿಯುವುದು. ಹಾಲಿನಲ್ಲಿ ಕುಣಿದವರು, ಅಲ್ಲಿ ಮಗಳ ಮದುವೆ ಮಾಡಿದವರು, ಹಿತ್ತಿಲಿನ ಬ್ರೆಡ್ ತಿಂದವರು ಒಂದು ಊರಿನಲ್ಲಿ ಸಾಕಷ್ಟು ಜನರಿದ್ದರೆ ಕಟ್ಟಡಕ್ಕೆ ಮತ್ತೆ ಮತ್ತೆ ಆಸರೆ ಸಿಗುತ್ತದೆ.

ಅಮೆರಿಕದ ಸಮಾಧಿ ಕಲ್ಲುಗಳ ಮಾರುಕಟ್ಟೆಗೆ ಈಗ ಭಾರತದ ಕಪ್ಪು ಗ್ರಾನೈಟ್ ಬಹಳವಾಗಿ ಬರುತ್ತದೆ, ಅದರಲ್ಲಿ ನಮ್ಮ ಚಾಮರಾಜನಗರದ ಕಡೆಯ ಕಲ್ಲೂ ಸೇರಿದೆ. ಬ್ಯಾರಿಯ ಶೆಡ್ಡುಗಳಿಗೆ ಅದು ಪೈಪೋಟಿ. ಅಲ್ಲಿನ ಧೂಳಿನ ಚರಿತ್ರೆಯನ್ನು ಕೇಳಿ ಬಂದ ಮೇಲೆ, ನಮ್ಮ ಕ್ವಾರಿಗಳಲ್ಲಿ, ಪಾಲಿಶ್ ಘಟಕಗಳಲ್ಲಿ ಮೂಗಿಗೆ ಟವೆಲ್ ಸುತ್ತಿಕೊಂಡು ಕೆಲಸ ಮಾಡುವವರ ಚಿತ್ರ ನನ್ನನ್ನು ಬಿಡುತ್ತಿಲ್ಲ. ಬ್ಯಾರಿಯಲ್ಲಿ ಧೂಳು ಹೀರುವ ಯಂತ್ರ ಬಂದದ್ದು ಕೆಲಸಗಾರರು ಒಟ್ಟಾಗಿ ದಶಕಗಳ ಕಾಲ ಕೇಳಿದ ಮೇಲೆ. ಕೇಳಲು ಅವರಿಗೊಂದು ಹಾಲ್ ಇತ್ತು, ವಂತಿಗೆಯ ಪುಸ್ತಕವಿತ್ತು, ಸತ್ತವರ ಹೆಸರು ಬರೆದಿಡುವವರಿದ್ದರು.

ಊರಿನ ಮುಖ್ಯರಸ್ತೆಯ ಒಂದು ತುದಿಯಲ್ಲಿ ಇಟಾಲಿಯನ್ ಕಲ್ಲುಕುಟಿಗನ ದೊಡ್ಡ ಪ್ರತಿಮೆಯಿದೆ, 1985ರಲ್ಲಿ ನಿಲ್ಲಿಸಿದ್ದು: ಏಪ್ರನ್ ತೊಟ್ಟ, ಮೀಸೆಯ, ಸುತ್ತಿಗೆ ಉಳಿ ಹಿಡಿದ ಆಳು. ಹಳೆಯ ಗ್ರಾನೈಟ್ ಶೆಡ್ಡೊಂದು ಈಗ ಗ್ರಾನೈಟ್ ಸಂಗ್ರಹಾಲಯವಾಗಿದೆ, ಅಲ್ಲಿ ಕಲ್ಲು ಕೆತ್ತುವುದನ್ನು ಕಲಿಸುವ ಶಾಲೆಯೂ ನಡೆಯುತ್ತದೆ. ಭವನದ ಸಭೆಗಳಿಗೆ ಬರುವವರಲ್ಲಿ ಇಟಾಲಿಯನ್ ಹೆಸರಿನವರ ಜೊತೆಗೆ ಸ್ಕಾಟ್, ಫ್ರೆಂಚ್ ಕೆನಡಿಯನ್, ಸ್ಪ್ಯಾನಿಷ್ ಮೂಲದವರೂ ಇದ್ದಾರೆ. ಯಾವ ಮೂಲದ ಸಂಬಂಧವೂ ಇಲ್ಲದೆ, ಈ ಕೆಲಸ ಒಳ್ಳೆಯದೆಂದು ಬಂದು ಸೇರಿಕೊಂಡವರೂ ಇದ್ದಾರೆ. ನಮ್ಮ ಕೂಟದ ಮುಂದಿನ ಸಭೆಯಲ್ಲಿ ನಾನು ಎರಡು ವಿಷಯಗಳನ್ನು ಇಡುವವನಿದ್ದೇನೆ. ಒಂದು, ಹಳೆಯ ನಡಾವಳಿ ಪುಸ್ತಕಗಳನ್ನು ಯಾರ ಯಾರ ಮನೆಯ ಅಟ್ಟದಲ್ಲಿವೆಯೋ ಅಲ್ಲಿಂದ ತರಿಸಿ, ಜಗಳದ ಪುಟಗಳನ್ನೂ ಸೇರಿಸಿ, ಪ್ರತಿ ಮಾಡಿಸುವುದು. ಇನ್ನೊಂದು, ಇಲ್ಲಿ ಒಂಟಿಯಾಗಿ ಕಾಯಿಲೆ ಬೀಳುವ ವಿದ್ಯಾರ್ಥಿಗಳಿಗೆ, ವಯಸ್ಸಾದ ತಂದೆತಾಯಿಗಳಿಗೆ ಊಟ ತಲುಪಿಸುವ, ಸಾವು ಸಂಭವಿಸಿದಾಗ ಕಾಗದಪತ್ರಗಳಿಗೆ ಓಡಾಡುವ ಕೆಲಸಕ್ಕೆ ಸದಸ್ಯತ್ವದ ಹಣದಲ್ಲಿ ಒಂದು ಪಾಲನ್ನು ಕಾಯಂ ಎತ್ತಿಡುವುದು. ಎರಡನೆಯದು ಈಗಲೂ ನಮ್ಮಲ್ಲಿ ನಡೆಯುತ್ತಿದೆ, ಆದರೆ ಅದು ನಾಲ್ಕಾರು ಜನರ ಒಳ್ಳೆಯತನದ ಮೇಲೆ ನಿಂತಿದೆ. ಅವರು ಬೇರೆ ಊರಿಗೆ ಹೋದರೆ ನಿಂತುಹೋಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಸಾಲು ಬೇಕು, ಅದಕ್ಕೆ ಉತ್ತರ ಹೇಳುವ ಒಬ್ಬ ಪದಾಧಿಕಾರಿ ಬೇಕು.